ಮಲೆನಾಡಿನ ಅಂಕಣವೂ ಊರಿನ ವಸ್ತುಸಂಗ್ರಹಾಲಯವೂ

ಒಂದು ಸೀಮೆಯ ಚರಿತ್ರೆಯು ಎರಡು ಬಗೆಯ ಸಾಧನಗಳಲ್ಲಿ ಉಳಿದುಬರುತ್ತದೆ. ಕಲ್ಲಿನಲ್ಲಿಯೂ ತಾಮ್ರದಲ್ಲಿಯೂ ಬರೆದುದು ಒಂದು. ಮರ, ಬಿದಿರು, ತೊಗಲು, ಉಣ್ಣೆಗಳಲ್ಲಿ ಬದುಕಿದುದು ಇನ್ನೊಂದು. ಮೊದಲನೆಯದಕ್ಕೆ ಹಾಸನದ ಜಿಲ್ಲೆಯಲ್ಲಿ ಕೊರತೆಯಿಲ್ಲ. ಬೇಲೂರು ಹಳೇಬೀಡುಗಳ ಗುಡಿಗಳನ್ನು ನೋಡದ ವಿದ್ಯಾವಂತರು ವಿರಳ. ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ೧೯೦೨ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಮಂಜರಾಬಾದಿನ ಕಲ್ಲುಗಳೂ ಸೇರಿವೆ. ಆದರೆ ಎರಡನೆಯ ಬಗೆಯ ಸಾಧನಗಳಿಗೆ ಸಂಪುಟವೂ ಇಲ್ಲ, ಸಂಖ್ಯೆಯೂ ಇಲ್ಲ. ಅವು ಅಟ್ಟದ ಮೇಲೆ ಇರುತ್ತವೆ. ಮನೆಯನ್ನು ಕಿತ್ತು ಹೊಸದಾಗಿ ಕಟ್ಟಿಸಿದ ದಿನ ಒಲೆಗೆ ಹೋಗುತ್ತವೆ, ಇಲ್ಲವೇ ಹಳೆಯ ಸಾಮಾನು ಕೊಳ್ಳುವವನ ಗಾಡಿಗೆ ಏರುತ್ತವೆ.

ಸಕಲೇಶಪುರ ಆಲೂರುಗಳ ಬೆಟ್ಟಸಾಲಿನಲ್ಲಿ, ಅದರಲ್ಲಿಯೂ ಬಿಸಿಲೆಯ ಕಡೆಯಲ್ಲಿ, ಈ ನಷ್ಟವು ಬೇರೆಡೆಗಿಂತ ಬೇಗ ಆಗುತ್ತದೆ. ಬಿಸಿಲೆಯು ಘಟ್ಟದ ಅಂಚಿನ ಊರು. ಅಲ್ಲಿಂದ ಕುಮಾರಪರ್ವತದ ಸಾಲು ಎದುರಿಗೆ ನಿಲ್ಲುತ್ತದೆ. ದಾರಿಯು ಕಾಡಿನೊಳಗೆ ಇಳಿದು ಸುಬ್ರಹ್ಮಣ್ಯದ ಕಡೆಗೆ ಸಾಗುತ್ತದೆ. ಈ ಸೀಮೆಯ ಏಣಿನ ಒಂದು ಮಗ್ಗುಲಿನಲ್ಲಿ ಬಿದ್ದ ಮಳೆಯು ಹೇಮಾವತಿಯ ಮೂಲಕ ಕಾವೇರಿಯನ್ನು ಸೇರಿ ಬಂಗಾಳಕೊಲ್ಲಿಗೂ, ಇನ್ನೊಂದು ಮಗ್ಗುಲಿನ ಮಳೆಯು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೂ ಹೋಗುತ್ತದೆ. ಜ್ಯೇಷ್ಠದಿಂದ ಭಾದ್ರಪದದವರೆಗೆ ಹಿಡಿದು ಹೊಯ್ಯುವ ಈ ಮಳೆಯಲ್ಲಿ ಮರವು ಬೂಷ್ಟು ಹಿಡಿಯುತ್ತದೆ, ತೊಗಲು ಕೊಳೆಯುತ್ತದೆ, ಕಾಗದವು ಮುದ್ದೆಯಾಗುತ್ತದೆ. ಒಲೆಯ ಹೊಗೆ ಆಡುತ್ತಿರುವವರೆಗೆ ಅಟ್ಟದ ಸಾಮಾನು ಉಳಿಯಿತು. ಹೊಗೆ ನಿಂತ ಮನೆಯಲ್ಲಿ ಗೆದ್ದಲಿಗೆ ಕೆಲವು ಮಳೆಗಾಲಗಳೇ ಸಾಕು.

ಈಚಿನ ವರುಷಗಳಲ್ಲಿ ವಾಸ್ತುವಿದ್ಯೆಯನ್ನು ಓದುವ ತರುಣರು ತಮ್ಮ ಕಡೆಯ ವರುಷದ ಕೆಲಸಕ್ಕೆ ಊರಿನ ವಸ್ತುಸಂಗ್ರಹಾಲಯವನ್ನು, ಅದರಲ್ಲಿಯೂ ಕಾಲಕ್ಕೆ ತಕ್ಕಂತೆ ಬದಲಾಗಬಲ್ಲ ಕಟ್ಟೋಣವನ್ನು, ವಿಷಯವಾಗಿ ಆರಿಸಿಕೊಳ್ಳುವುದುಂಟು. ವಿಷಯವು ಹೊಸದಾಗಿ ಕಂಡರೂ ಅದಕ್ಕೆ ಇನ್ನೂರು ವರುಷಗಳ ಹಿನ್ನೆಲೆಯಿದೆ. ಕನ್ನಡನಾಡಿನ ಮಟ್ಟಿಗೆ ಹೇಳುವುದಾದರೆ ಅದಕ್ಕಿಂತ ಹೆಚ್ಚಿನದೇ ಇದೆ. ಬಿಸಿಲೆಯಂಥ ಊರಿಗೆ ನಕ್ಷೆ ಬರೆಯಹೊರಟ ವಿದ್ಯಾರ್ಥಿಯು ಸೀಸದಕಡ್ಡಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಆ ಹಿನ್ನೆಲೆಯನ್ನು ಅರಿಯುವುದು ಲೇಸು.

ಹಿಂದೂದೇಶದಲ್ಲಿ ವಸ್ತುಸಂಗ್ರಹಾಲಯವು ಪಂಡಿತರ ಕೈಯಿಂದ ಹುಟ್ಟಿತು. ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯು ೧೮೧೪ರಲ್ಲಿ ನಥಾನಿಯಲ್ ವಾಲಿಕನೆಂಬ ಸಸ್ಯಶಾಸ್ತ್ರಜ್ಞನ ಪ್ರೇರಣೆಯಿಂದ ತೆರೆದ ಸಂಗ್ರಹವೇ ಇಲ್ಲಿ ಮೊದಲನೆಯದು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯವು ೧೮೬೫ರಲ್ಲಿ ಎಡ್ವರ್ಡ್ ಬಾಲ್ಫೋರನ ಉತ್ಸಾಹದಿಂದ ಆರಂಭವಾಗಿ, ೧೮೭೭ರಲ್ಲಿ ಕಬ್ಬನ್ ಉದ್ಯಾನದ ಮಗ್ಗುಲಿನ ಕೆಂಪು ಕಟ್ಟಡಕ್ಕೆ ಬಂದಿತು. ೧೯೩೬ರಲ್ಲಿ ಮಾರ್ಕ್‌ಹ್ಯಾಮ್ ಮತ್ತು ಹಾರ್ಗ್ರೀವ್ಸ್ ಎಂಬಿಬ್ಬರು ಇಡಿಯ ದೇಶದ ಸಂಗ್ರಹಾಲಯಗಳನ್ನು ಪರಿಶೀಲಿಸಿ ಬರೆದ ವರದಿಯಲ್ಲಿ ಅವುಗಳ ಸಂಖ್ಯೆ ೧೦೫ ಎಂದಿದೆ. ಅಷ್ಟು ದೊಡ್ಡ ದೇಶಕ್ಕೆ ಅದು ಅತ್ಯಲ್ಪ. ಮೇಲಾಗಿ ಅವುಗಳಲ್ಲಿ ಬಹುಪಾಲು ಪಟ್ಟಣಗಳಲ್ಲಿದ್ದುವು.

ಈ ಸಂಸ್ಥೆಗಳು ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅವುಗಳಿಲ್ಲದಿದ್ದರೆ ಎಷ್ಟೋ ಶಿಲ್ಪಗಳು ಸೇತುವೆಗಳ ಅಡಿಗಲ್ಲಾಗುತ್ತಿದ್ದುವು. ಆದರೆ ಅವುಗಳ ಕ್ರಮವು ಒಂದೇ ಬಗೆಯದು: ಊರಿನಿಂದ ವಸ್ತುವನ್ನು ತೆಗೆದುಕೊಂಡು ಪಟ್ಟಣದ ಎತ್ತರದ ಚಾವಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುವುದು. ವಸ್ತುವು ಉಳಿಯುತ್ತದೆ, ಅದನ್ನು ಹಿಡಿದ ಕೈ, ಕರೆದ ಹೆಸರು, ಬಳಸಿದ ಕಾಲ ಇವು ಕಳಚಿಹೋಗುತ್ತವೆ. ಉತ್ತರದೇಶದ ಸಾಮಾನ್ಯ ಜನರು ಇಂಥ ಭವನವನ್ನು ‘ಅಜಾಯಬ್ ಘರ್’, ಎಂದರೆ ಅಚ್ಚರಿಯ ಮನೆ, ಎಂದು ಕರೆದುದರಲ್ಲಿ ಒಂದು ಸತ್ಯವಿದೆ. ತನ್ನ ಮನೆಯ ಕೊಳಗವನ್ನು ನೋಡಿ ಯಾವ ರೈತನೂ ಅಚ್ಚರಿಪಡುವುದಿಲ್ಲ. ಅಚ್ಚರಿಗೆಂದೇ ಕಟ್ಟಿದ ಮನೆಯಲ್ಲಿ ಕೊಳಗಕ್ಕೆ ಸ್ಥಳವೂ ದೊರೆಯುವುದಿಲ್ಲ.

ಪಶ್ಚಿಮದೇಶಗಳಲ್ಲಿಯೇ ಈ ಕ್ರಮದ ಬಗ್ಗೆ ಅತೃಪ್ತಿ ಹುಟ್ಟಿತು. ಸ್ವೀಡನ್ನಿನ ಆರ್ಟುರ್ ಹಾಜೇಲಿಯಸನು ೧೮೯೧ರಲ್ಲಿ ಸ್ಟಾಕ್‌ಹೋಮಿನ ಗುಡ್ಡವೊಂದರ ಮೇಲೆ ನಾಡಿನ ನಾನಾ ಕಡೆಗಳಿಂದ ಹಳ್ಳಿಯ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿ ‘ಸ್ಕಾನ್ಸೆನ್’ ಎಂಬ ಬಯಲು ಸಂಗ್ರಹಾಲಯವನ್ನು ತೆರೆದನು. ಅಮೆರಿಕದಲ್ಲಿ ಜಾನ್ ಕಾಟನ್ ಡೇನನು ೧೯೦೯ರಲ್ಲಿ ನ್ಯೂಆರ್ಕ್ ಪಟ್ಟಣದಲ್ಲಿ ಸ್ಥಾಪಿಸಿದ ಸಂಗ್ರಹಾಲಯವು ಶ್ರೀಮಂತರ ಚಿತ್ರಗಳಿಗಿಂತ ಊರಿನ ಕೈಗಾರಿಕೆಗೂ ದಿನಬಳಕೆಯ ಸಾಮಾನುಗಳಿಗೂ ಗಮನ ಕೊಟ್ಟಿತು. ೧೯೬೭ರಲ್ಲಿ ವಾಷಿಂಗ್ಟನ್ ನಗರದ ಅನಕೋಸ್ಟಿಯವೆಂಬ ಬಡ ಕೇರಿಯಲ್ಲಿ, ಮುಚ್ಚಿಹೋಗಿದ್ದ ಸಿನಿಮಾ ಮಂದಿರದಲ್ಲಿ, ಕೇರಿಯವರದೇ ಒಂದು ಸಂಗ್ರಹಾಲಯವು ಆರಂಭವಾಯಿತು. ಅದರ ನಿರ್ದೇಶಕನಾಗಿದ್ದ ಜಾನ್ ಕಿನಾರ್ಡನ ಕಾಲದಲ್ಲಿ, ೧೯೬೯ರಲ್ಲಿ, ಅಲ್ಲಿ ಏರ್ಪಟ್ಟ ಪ್ರದರ್ಶನದ ವಿಷಯವು ಇಲಿ. ಆ ಕೇರಿಯ ಮಕ್ಕಳನ್ನು ಇಲಿಗಳು ಕಾಡುತ್ತಿದ್ದುವು. ಆದುದರಿಂದ ಇಲಿಯ ಚರಿತ್ರೆ, ಅದರ ಬದುಕು, ಅದರಿಂದ ಬರುವ ರೋಗ, ಅದಕ್ಕೆ ಮನುಷ್ಯನೇ ಕೊಟ್ಟ ಆಮಂತ್ರಣ, ಇವನ್ನು ಅಲ್ಲಿ ತೋರಿಸಿದರು. ಜನರ ಹಿಂದಿನ ವೈಭವವನ್ನಲ್ಲದೆ ಇಂದಿನ ಕಷ್ಟವನ್ನೂ ಸಂಗ್ರಹಾಲಯವು ತನ್ನದೆಂದು ಒಪ್ಪಿಕೊಂಡಿತು.

೧೯೭೧ರಲ್ಲಿ ಫ್ರಾನ್ಸಿನ ಹ್ಯೂಗ್ ದ ವರೀನನು ಒಂದು ಸೀಮೆಯ ಜನ, ನೆಲ, ಕಸುಬು ಎಲ್ಲವನ್ನೂ ಒಳಕೊಳ್ಳುವ ಸಂಗ್ರಹಾಲಯಕ್ಕೆ ‘ಎಕೋಮ್ಯೂಸಿಯಂ’ ಎಂಬ ಹೆಸರನ್ನು ಚಾಲ್ತಿಗೆ ತಂದನು. ೧೯೭೨ರ ಮೇ ತಿಂಗಳಿನಲ್ಲಿ ಚಿಲಿ ದೇಶದ ಸಾಂಟಿಯಾಗೋ ನಗರದಲ್ಲಿ ಸೇರಿದ ಸಭೆಯು ಸಂಗ್ರಹಾಲಯವು ಸಮಾಜದ ಸೇವೆಗಾಗಿ ಇರತಕ್ಕದ್ದೆಂದು ಸಾರಿತು. ಅಂತರರಾಷ್ಟ್ರೀಯ ಸಂಗ್ರಹಾಲಯ ಮಂಡಲಿಯು ೨೦೨೨ರಲ್ಲಿ ಪ್ರಾಗ್ ನಗರದಲ್ಲಿ ಒಪ್ಪಿಕೊಂಡ ಹೊಸ ನಿರ್ವಚನದಲ್ಲಿ ಜನಸಮುದಾಯಗಳ ಸಹಭಾಗಿತ್ವವು ಸೇರಿಹೋಯಿತು. ಹೀಗೆ ಐವತ್ತು ವರುಷಗಳ ಹಿಂದೆ ಕೆಲವರ ವಾದವಾಗಿದ್ದುದು ಈಗ ಎಲ್ಲರ ಲಕ್ಷಣವಾಕ್ಯವಾಗಿದೆ.

ಕನ್ನಡನಾಡು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು ೧೯೬೮ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿತು. ಚಿತ್ರಕಾರರಾದ ಪಿ. ಆರ್. ತಿಪ್ಪೇಸ್ವಾಮಿಯವರೂ ವಿದ್ವಾಂಸರಾದ ಜೀ. ಶಂ. ಪರಮಶಿವಯ್ಯನವರೂ ಊರೂರು ತಿರುಗಿ ತಂದ ಸಾಮಾನುಗಳು ಜಯಲಕ್ಷ್ಮೀವಿಲಾಸವೆಂಬ ಅರಮನೆಯಲ್ಲಿ ನೆಲೆಗೊಂಡುವು. ನೇಗಿಲು, ಒನಕೆ, ಸೋಮನ ಮುಖವಾಡಗಳು ರಾಜಕುಮಾರಿಗಾಗಿ ಕಟ್ಟಿದ ಭವನದಲ್ಲಿ ನಿಂತುದು ಒಂದು ವಿನೋದವೂ ಹೌದು, ಒಂದು ಗೌರವವೂ ಹೌದು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿ ೧೯೯೪ರಲ್ಲಿ ತೆರೆದ ಜಾನಪದಲೋಕದಲ್ಲಿ ವಸ್ತುಗಳಿಗೆ ಬೇರೆಬೇರೆ ಮನೆಗಳುಂಟು, ಕುಣಿತಕ್ಕೆ ಬಯಲುಂಟು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಾಳಾಗುತ್ತಿದ್ದ ಹಳೆಯ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲಮಹಲು ಹೀಗೆ ಬಂದುದು. ತೀರ್ಥಹಳ್ಳಿಯ ಬಳಿಯ ಕುಪ್ಪಳಿಯಲ್ಲಿ ಕುವೆಂಪು ಅವರ ಹಿರಿಯರ ಮನೆಯೇ ಸಂಗ್ರಹಾಲಯವಾಗಿದೆ. ತೊಟ್ಟಿಯನ್ನೂ ಕಂಬಗಳನ್ನೂ ಉಪ್ಪರಿಗೆಯನ್ನೂ ನೋಡಿ ಬಂದವರಿಗೆ ಮಲೆನಾಡಿನ ಮನೆ ಎಂದರೆ ಏನೆಂಬುದನ್ನು ಬೇರೆ ವಿವರಿಸಬೇಕಾದುದಿಲ್ಲ.

ಈ ನಾಲ್ಕರಲ್ಲಿಯೂ ಒಂದು ಸಮಾನ ಗುಣವುಂಟು. ಒಬ್ಬ ಮಹನೀಯರ ಅಥವಾ ಒಂದು ಸಂಸ್ಥೆಯ ದೀರ್ಘಶ್ರಮವೇ ಅವುಗಳ ಮೂಲ. ಬಿಸಿಲೆಯಂಥ ಚಿಕ್ಕ ಊರಿಗೆ ಅರಮನೆಯೂ ಇಲ್ಲ, ವಿಶ್ವವಿದ್ಯಾನಿಲಯವೂ ಇಲ್ಲ. ಅಲ್ಲಿ ಸಂಗ್ರಹವು ಒಂದೇ ಸಲಕ್ಕೆ ಆಗುವಂಥದಲ್ಲ. ಈ ವರುಷ ಒಂದು ಮನೆಯವರು ಕೊಟ್ಟುದು, ಮುಂದಿನ ವರುಷ ಇನ್ನೊಬ್ಬರು ತಂದುದು, ಹೀಗೆ ಬೆಳೆಯಬೇಕಾದುದು. ಹಣವೂ ಹಾಗೆಯೇ ಬರುವುದು. ಆದುದರಿಂದ ಕಟ್ಟೋಣವೂ ಹಾಗೆಯೇ ಬೆಳೆಯಬೇಕು. ಬದಲಾಗಬಲ್ಲ ಕಟ್ಟೋಣವೆಂಬುದು ಇಲ್ಲಿ ಷೋಕಿಯಲ್ಲ, ಅಗತ್ಯ.

ಇಂಥ ಕಟ್ಟೋಣದ ಪ್ರಯತ್ನಗಳು ಹಿಂದೆ ಮೂರು ದಾರಿಗಳಲ್ಲಿ ನಡೆದಿವೆ. ಬಿಚ್ಚಿ ಕಟ್ಟುವುದು ಒಂದು, ಬೆಳೆಯುತ್ತ ಹೋಗುವುದು ಎರಡು, ಒಳಗನ್ನು ಮಾತ್ರ ಬದಲಿಸುವುದು ಮೂರು.

ಮೊದಲನೆಯದಕ್ಕೆ ಲಂಡನ್ನಿನ ಸ್ಫಟಿಕಭವನವೇ ಪ್ರಸಿದ್ಧವಾದ ಉದಾಹರಣೆ. ೧೮೫೧ರ ಮಹಾಪ್ರದರ್ಶನಕ್ಕೆಂದು ಜೋಸೆಫ್ ಪ್ಯಾಕ್ಸ್‌ಟನ್ನನೆಂಬ ತೋಟಗಾರನು ಕಬ್ಬಿಣ ಗಾಜುಗಳಿಂದ ಕಟ್ಟಿದ ಆ ಭವನವು ೨೪ ಅಡಿಯ ಒಂದೇ ಅಳತೆಯ ಆವೃತ್ತಿಯಿಂದ ಆದುದು. ಎಲ್ಲ ತುಂಡುಗಳೂ ಒಂದೇ ಲೆಕ್ಕದವಾದುದರಿಂದ ಪ್ರದರ್ಶನವು ಮುಗಿದ ಮೇಲೆ ಅದನ್ನು ಬಿಚ್ಚಿ ೧೮೫೪ರಲ್ಲಿ ಸಿಡನ್‌ಹ್ಯಾಮಿನಲ್ಲಿ ಬೇರೆ ರೂಪದಲ್ಲಿ ನಿಲ್ಲಿಸಲು ಸಾಧ್ಯವಾಯಿತು. ೧೮೮೯ರಲ್ಲಿ ಅಡಿಗಲ್ಲು ಬಿದ್ದ ಬೆಂಗಳೂರು ಲಾಲ್‌ಬಾಗಿನ ಗಾಜಿನ ಮನೆಯು ಆ ಭವನದ ಮಾದರಿಯನ್ನು ನೋಡಿ ಮಾಡಿದುದು. ಅದರಲ್ಲಿ ಸ್ಥಿರವಾದ ಸಾಮಗ್ರಿ ಏನೂ ಇಲ್ಲ. ವರುಷಕ್ಕೆರಡು ಸಲ ಫಲಪುಷ್ಪಗಳಿಂದ ತುಂಬುತ್ತದೆ, ಮತ್ತೆ ಬರಿದಾಗುತ್ತದೆ. ಕನ್ನಡಿಗರು ತಮಗೆ ತಿಳಿಯದೆಯೇ ಬದಲಾಗುವ ಪ್ರದರ್ಶನಮಂದಿರವೊಂದನ್ನು ತಲೆಮಾರುಗಳಿಂದ ನೋಡುತ್ತ ಬಂದಿದ್ದಾರೆ.

ಎರಡನೆಯದಕ್ಕೆ ಲೆ ಕಾರ್ಬೂಸಿಯೇ ಎಂಬ ವಾಸ್ತುಶಿಲ್ಪಿಯು ೧೯೩೯ರಲ್ಲಿ ಒಂದು ಸೂತ್ರವನ್ನು ಮಾಡಿದನು. ಬಸವನಹುಳುವಿನ ಚಿಪ್ಪಿನಂತೆ ನಡುವಿನಿಂದ ಸುತ್ತುತ್ತ ಕೊನೆಯಿಲ್ಲದೆ ಬೆಳೆಯುವ ಸಂಗ್ರಹಾಲಯವದು. ಅಹಮ್ಮದಾಬಾದ್, ಟೋಕಿಯೋ, ಚಂಡೀಗಢಗಳಲ್ಲಿ ಆತನ ಸಂಗ್ರಹಾಲಯಗಳು ಆ ಸೂತ್ರದ ಮೇಲೆಯೇ ಎದ್ದುವು. ಆದರೆ ಯಾವುದೂ ಸುರುಳಿಯ ಕ್ರಮದಲ್ಲಿ ಮುಂದೆ ಬೆಳೆಯಲಿಲ್ಲ. ಕಾರಣವು ಸ್ಪಷ್ಟವಾಗಿದೆ. ಸುರುಳಿಯು ಬೆಳೆಯಬೇಕಾದರೆ ಹೊರಗಿನ ಸುತ್ತನ್ನೆಲ್ಲ ಬಳಸಿ ಬರಬೇಕು. ಬೆಳೆದಷ್ಟೂ ಒಂದೊಂದು ಸುತ್ತು ಹಿಂದಿನದಕ್ಕಿಂತ ದೊಡ್ಡದಾಗುತ್ತದೆ, ವೆಚ್ಚವೂ ಹೆಚ್ಚುತ್ತದೆ. ಚಿಕ್ಕ ಹಣದಿಂದ ಚಿಕ್ಕದಾಗಿ ಬೆಳೆಯುವುದಕ್ಕೆ ಅದರಲ್ಲಿ ಎಡೆಯಿಲ್ಲ.

ಮೂರನೆಯದನ್ನು ಪ್ಯಾರಿಸಿನ ಪಾಂಪಿಡೂ ಕೇಂದ್ರದಲ್ಲಿ ಮಾಡಿ ನೋಡಿದರು. ೧೯೭೭ರಲ್ಲಿ ತೆರೆದ ಆ ಭವನದ ಅಂತಸ್ತುಗಳಲ್ಲಿ ನಡುವೆ ಕಂಬವೇ ಇಲ್ಲ; ಕೊಳವೆ, ಮೆಟ್ಟಿಲುಗಳೆಲ್ಲ ಹೊರಕ್ಕೆ ಹೋಗಿ ಒಳಗು ಬಯಲಾಗಿದೆ. ಬೇಕಾದಂತೆ ತಡಿಕೆಗಳನ್ನು ಸರಿಸಿಕೊಳ್ಳಬಹುದೆಂಬುದು ಶಿಲ್ಪಿಗಳ ಉದ್ದೇಶ. ಎಂಟು ವರುಷಗಳಲ್ಲಿಯೇ ಅಲ್ಲಿನ ಚಿತ್ರಶಾಲೆಗೆ ಗೋಡೆಗಳುಳ್ಳ ಕೊಠಡಿಗಳು ಬೇಕಾದುವು. ೧೯೮೫ರಲ್ಲಿ ಗಾಯೇ ಔಲೆಂಟಿ ಎಂಬ ವಾಸ್ತುಶಿಲ್ಪಿಯು ಅವನ್ನು ರಚಿಸಿಕೊಟ್ಟಳು. ಎಲ್ಲವನ್ನೂ ಬದಲಿಸಬಹುದಾದ ಎಡೆಯಲ್ಲಿ ಪ್ರತಿಯೊಂದನ್ನೂ ಪ್ರತಿ ಸಲವೂ ಹೊಸದಾಗಿ ನಿರ್ಧರಿಸಬೇಕಾಗುತ್ತದೆ. ನಿತ್ಯ ಕೆಲಸ ಮಾಡುವವರಿಗೆ ಅದು ಸ್ವಾತಂತ್ರ್ಯವಲ್ಲ, ಹೊರೆ.

ಇವುಗಳ ನಡುವೆ ಹೊಂದಿಕೆಯನ್ನು ಕಂಡುದು ಸಾಬರಮತಿಯ ಗಾಂಧೀ ಸ್ಮಾರಕ ಸಂಗ್ರಹಾಲಯ. ಚಾರ್ಲ್ಸ್ ಕೊರಿಯ ಅವರ ನಕ್ಷೆಯಂತೆ ಕಟ್ಟಿದ ಇದನ್ನು ೧೯೬೩ರ ಮೇ ತಿಂಗಳಿನಲ್ಲಿ ಜವಾಹರಲಾಲ್ ನೆಹರು ಅವರು ತೆರೆದರು. ಆರು ಮೀಟರಿನ ಚೌಕ, ನಾಲ್ಕು ಮೂಲೆಗೆ ಇಟ್ಟಿಗೆಯ ಕಂಬ, ಮೇಲೆ ನೀರನ್ನೂ ಸಾಗಿಸುವ ಕಾಂಕ್ರೀಟಿನ ತೊಲೆ, ಹೆಂಚಿನ ಮಾಡು: ಇಷ್ಟೇ ಅದರ ಮೂಲ ಘಟಕ. ಕೆಲವು ಚೌಕಗಳಿಗೆ ಗೋಡೆಯುಂಟು, ಕೆಲವು ತೆರೆದಿವೆ, ಒಂದು ನೀರಿನ ಕೊಳವಾಗಿದೆ. ಗಾಂಧಿಯವರ ಕಾಗದಪತ್ರಗಳು ಹೆಚ್ಚಾದಂತೆ ಇನ್ನೊಂದು ಚೌಕವನ್ನು ಜೋಡಿಸಬಹುದೆಂಬುದು ಅದರ ಸೂತ್ರ. ಇಲ್ಲಿ ಬೆಳೆಯುವುದಕ್ಕೆ ಸುತ್ತನ್ನೆಲ್ಲ ಬಳಸಬೇಕಾಗಿಲ್ಲ; ಒಂದು ಮಗ್ಗುಲು ಸಾಕು. ಆಶ್ರಮದ ಚಿಕ್ಕ ಮನೆಗಳಿಗಿಂತ ಸಂಗ್ರಹಾಲಯವು ತಲೆಯೆತ್ತಿ ನಿಲ್ಲುವುದೂ ಇಲ್ಲ.

ಸಾಬರಮತಿಯ ಚೌಕವನ್ನು ನೋಡಿದ ಮಲೆನಾಡಿಗನಿಗೆ ಅದು ಹೊಸದೆನಿಸುವುದಿಲ್ಲ. ಅದನ್ನು ಅವನು ‘ಅಂಕಣ’ ಎನ್ನುತ್ತಾನೆ. ಕಂಬದಿಂದ ಕಂಬಕ್ಕೆ ಇರುವ ಎಡೆಯೇ ಅಂಕಣ. ಒಂದು ಮರದ ತೊಲೆಯು ಬಾಗದೆ ಎಷ್ಟು ದೂರ ಹೊರೆಯನ್ನು ಹೊತ್ತೀತೋ ಅಷ್ಟೇ ಅದರ ಅಳತೆ. ಇಂಥವರದು ಇಷ್ಟು ಅಡಿಯ ಮನೆ ಎಂದು ಹಿಂದಿನವರು ಹೇಳುತ್ತಿರಲಿಲ್ಲ. ಇಷ್ಟು ಅಂಕಣದ ಮನೆ ಎನ್ನುತ್ತಿದ್ದರು. ಅಣ್ಣತಮ್ಮಂದಿರು ಹೆಚ್ಚಿದರೆ ಎರಡು ಅಂಕಣ ಮುಂದುವರಿಸುವರು, ಪಾಲಾದರೆ ನಡುವೆ ಗೋಡೆ ಹಾಕುವರು. ಗುಡಿಯ ಲೆಕ್ಕವೂ ಇದೇ. ನಡುವೆ ನಾಲ್ಕು ಕಂಬ ನಿಂತರೆ ಒಂಬತ್ತು ಅಂಕಣಗಳ ನವರಂಗ. ಕಂಬಗಳನ್ನು ಹೆಚ್ಚಿಸಿದರೆ ಮಂಟಪವು ಹಬ್ಬುತ್ತದೆ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವಾಲಯದ ನವರಂಗವು ಮೊದಲು ತೆರೆದ ಮಂಟಪವಾಗಿದ್ದು, ಜಾಲಂಧ್ರಗಳುಳ್ಳ ಗೋಡೆಗಳು ಎರಡನೆಯ ಬಲ್ಲಾಳನ ಕಾಲದಲ್ಲಿ ಸೇರಿದುವೆಂದು ವಿದ್ವಾಂಸರು ತಿಳಿಯುತ್ತಾರೆ. ಎಂದರೆ ಜಿಲ್ಲೆಯ ಅತ್ಯುತ್ತಮ ಕಟ್ಟೋಣವೇ ತನ್ನ ಎಲ್ಲೆಯನ್ನು ಬದಲಿಸಿಕೊಂಡಿದೆ. ಆ ಬದಲಾವಣೆಯಿಂದ ಅದರ ಚೆಲುವು ಕುಂದಲಿಲ್ಲ.

ಅಂಕಣವು ಬೆಳವಣಿಗೆಯ ಸಾಧನವಾದರೆ ಮಾರ್ಪಾಟಿನ ಸಾಧನಗಳೂ ಈ ನಾಡಿನಲ್ಲಿ ಉಂಟು. ಹಳೆಯ ಪೇಟೆಬೀದಿಯ ಅಂಗಡಿಗಳಿಗೆ ಹಲಗೆಯ ಬಾಗಿಲುಗಳಿರುತ್ತಿದ್ದುವು. ಮೇಲೆ ಕೆಳಗೆ ಗಾಡಿ ಕೊರೆದ ತೊಲೆಗಳ ನಡುವೆ ಒಂದೊಂದು ಹಲಗೆಯನ್ನು ಅದರ ಗುರುತಿನಂತೆ ಸರಿಸಿ ನಿಲ್ಲಿಸುವರು. ಬೆಳಗ್ಗೆ ತೆಗೆದರೆ ಗೋಡೆಯಿದ್ದ ಕಡೆ ಬಯಲಾಗುವುದು. ಸಂಗ್ರಹಾಲಯದ ತಡಿಕೆಗೆ ಇದಕ್ಕಿಂತ ಸುಲಭವಾದ ಮಾದರಿಯಿಲ್ಲ. ಊರಿನ ಬಡಗಿಯೇ ಮಾಡಬಲ್ಲ, ಕೆಟ್ಟರೆ ಒಂದು ಹಲಗೆಯನ್ನಷ್ಟೆ ಬದಲಿಸಬಲ್ಲ. ಮದುವೆಗೋ ಊರಹಬ್ಬಕ್ಕೋ ಹಾಕುವ ಚಪ್ಪರವು ಇನ್ನೊಂದು. ಎರಡು ದಿನಗಳಲ್ಲಿ ಎದ್ದು ಮೂರನೆಯ ದಿನ ಇಲ್ಲವಾಗುವ ಈ ಕಟ್ಟೋಣವು ಮನೆಯನ್ನು ನೂರು ಜನರ ಮನೆಯಾಗಿಸುತ್ತದೆ. ಪ್ರತಿ ವರುಷದ ಸುಗ್ಗಿಗೆ ಊರವರು ಸೇರುವ ಸೀಮೆಯಲ್ಲಿ, ಸಂಗ್ರಹಾಲಯಕ್ಕೆ ದೊಡ್ಡ ಸಭಾಂಗಣವನ್ನು ಕಟ್ಟಿ ವರುಷದ ಉಳಿದ ದಿನ ಬಾವಲಿಗಳಿಗೆ ಬಿಡುವುದಕ್ಕಿಂತ, ಚಪ್ಪರದ ಗಳಗಳನ್ನು ನೆಡಲು ಅಂಗಳದಲ್ಲಿ ಕಲ್ಲಿನ ಕುಳಿಗಳನ್ನು ಬಿಡುವುದು ವಿವೇಕ.

ಹೀಗೆಂದ ಮಾತ್ರಕ್ಕೆ ಎಲ್ಲವೂ ಚಲಿಸಬೇಕೆಂದು ತಿಳಿಯಬಾರದು. ಬಿಸಿಲೆಯ ಮಳೆಯಲ್ಲಿ ಮೂರು ಸಂಗತಿಗಳು ಸ್ಥಿರವಾಗಿರತಕ್ಕದ್ದು. ಮೊದಲನೆಯದು ಪೀಠ. ನೆಲದ ತೇವವು ಏರದಂತೆ ಕಲ್ಲಿನ ಜಗಲಿಯನ್ನು ಎತ್ತರವಾಗಿ ಕಟ್ಟಬೇಕು. ಮುಂದೆ ಸೇರಬಹುದಾದ ಅಂಕಣಗಳಿಗೂ ಮೊದಲೇ ತಳಪಾಯವನ್ನು ಗುರುತಿಸಿ ಬಿಡಬೇಕು. ಎರಡನೆಯದು ಮಾಡು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟನು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಮಂಗಳೂರು ಹೆಂಚು ಘಟ್ಟವನ್ನೇರಿ ಸೋಗೆ ಹುಲ್ಲುಗಳ ಮಾಡನ್ನು ಕ್ರಮೇಣ ಸ್ಥಾನತಪ್ಪಿಸಿತು. ಒಡೆದ ಒಂದು ಹೆಂಚನ್ನು ಯಾರಾದರೂ ಬದಲಿಸಬಹುದೆಂಬುದೇ ಅದರ ಹಿರಿಮೆ. ಆದರೆ ಅಂಕಣಕ್ಕೊಂದು ಮಾಡು ಮಾಡಿದರೆ ಮಾಡುಗಳ ನಡುವೆ ಕಣಿವೆಗಳಾಗುತ್ತವೆ. ಮಲೆನಾಡಿನಲ್ಲಿ ಸೋರುವುದು ಯಾವಾಗಲೂ ಕಣಿವೆಯೇ. ಸಾಬರಮತಿಯ ಸೂತ್ರವನ್ನು ಇಲ್ಲಿ ಅಕ್ಷರಶಃ ಅನುಸರಿಸುವಂತಿಲ್ಲ. ಒಂದೇ ಉದ್ದನೆಯ ಮಾಡಿನ ಕೆಳಗೆ ಅಂಕಣಗಳು ಸಾಲಾಗಿ ಬೆಳೆಯುವುದೇ ಇಲ್ಲಿಗೆ ತಕ್ಕುದು. ಮೂರನೆಯದು ಉಗ್ರಾಣ. ತೋರಿಸುವ ಎಡೆ ಬದಲಾದರೂ ಕಾಪಾಡುವ ಎಡೆ ಬದಲಾಗಕೂಡದು. ಹಲಗೆಯ ನೆಲವುಳ್ಳ, ಗಾಳಿಯಾಡುವ, ಕಪಾಟುಗಳು ಗೋಡೆಗೆ ತಾಕದೆ ನಿಂತ ಅಟ್ಟದಂಥ ಒಂದು ಕೋಣೆ ಬೇಕು. ಅದರ ಕೆಳಗೆ ಮಳೆಗಾಲದಲ್ಲಿ ದಿನವೂ ಉರಿಯುವ ಒಲೆಯಿದ್ದರೆ ಬೆಚ್ಚನೆಯ ಗಾಳಿಯು ಮೇಲೇರಿ ಬೂಷ್ಟನ್ನು ತಡೆಯುತ್ತದೆ. ಅಜ್ಜಿಯಂದಿರು ಅಟ್ಟದಲ್ಲಿ ಬಿತ್ತನೆಯ ಬೀಜವನ್ನು ಕಾಪಾಡಿದ ಉಪಾಯವೇ ಇದು.

ಕಟ್ಟೋಣದ ಮಾತು ಇಷ್ಟಾದರೆ, ಅದರೊಳಗೆ ಇಡುವುದೇನೆಂಬುದು ಇನ್ನೂ ಕಠಿನವಾದ ಪ್ರಶ್ನೆ. ಬದಲಾಗಬಲ್ಲ ಕಟ್ಟೋಣವು ಏಕೆ ಬೇಕೆಂಬುದಕ್ಕೆ ನಿಜವಾದ ಉತ್ತರವೂ ಅಲ್ಲಿಯೇ ಇದೆ. ಈ ಸೀಮೆಯ ಚರಿತ್ರೆಯನ್ನು ಒಬ್ಬರೇ ಹೇಳಿದರೆ ಅದು ಅರ್ಧವಾಗುತ್ತದೆ. ಸಕಲೇಶಪುರದ ಬಳಿ ಟಿಪ್ಪುಸುಲ್ತಾನನು ೧೭೯೨ರ ಸುಮಾರಿಗೆ ಕಟ್ಟಿಸಿದ ಮಂಜರಾಬಾದಿನ ಕೋಟೆಯು ಎಂಟು ಮೂಲೆಯ ನಕ್ಷತ್ರದಂತಿದೆ. ಫ್ರೆಂಚರ ದುರ್ಗಶಾಸ್ತ್ರವನ್ನು ಅದರಲ್ಲಿ ಗುರುತಿಸಬಹುದು. ಹತ್ತು ವರುಷಗಳ ಮೇಲೆ, ೧೮೦೨ರಲ್ಲಿ, ಆರ್ಥರ್ ವೆಲ್ಲೆಸ್ಲಿಯು ದಂಡೆತ್ತಿ ಬಂದು ಬಲಂ ಸೀಮೆಯ ಐಗೂರಿನ ನಾಯಕನನ್ನು ಸೆರೆಹಿಡಿದು ಗಲ್ಲಿಗೇರಿಸಿದನು. ಬಳಿಕ ಕಾಫಿಯ ಕಾಲ. ಆರ್. ಎಚ್. ಎಲಿಯಟ್ಟನೆಂಬ ತೋಟಗಾರನು ಮಂಜರಾಬಾದಿನ ತನ್ನ ಅನುಭವಗಳನ್ನು ೧೮೭೧ರಲ್ಲಿಯೂ ೧೮೯೪ರಲ್ಲಿಯೂ ಪುಸ್ತಕಗಳಾಗಿ ಅಚ್ಚು ಹಾಕಿಸಿದನು. ಸುಲ್ತಾನನು ಕೋಟೆಯನ್ನು ಬಿಟ್ಟುಹೋದನು, ಸೇನಾಪತಿಯು ಪತ್ರಗಳನ್ನು ಬಿಟ್ಟುಹೋದನು, ತೋಟಗಾರನು ಪುಸ್ತಕಗಳನ್ನು ಬಿಟ್ಟುಹೋದನು. ಕಾಡನ್ನು ಸವರಿ ಗಿಡ ನೆಟ್ಟು ಹಣ್ಣು ಕೊಯ್ದು, ಲೈನಿನ ಮನೆಗಳಲ್ಲಿ ಬದುಕಿ ಸತ್ತ ಕೂಲಿಯವರು ಬಿಟ್ಟುಹೋದುದು ಕುಕ್ಕೆ, ಕತ್ತಿ, ಕಂಬಳಿಕೊಪ್ಪೆ, ಮಕ್ಕಳ ಬಾಯಲ್ಲಿ ಉಳಿದ ಕೆಲವು ಹಾಡುಗಳು. ಗೋಡೆಗೆ ಬೆಸೆದ ಗಾಜಿನ ಪೆಟ್ಟಿಗೆಗಳುಳ್ಳ ಸಂಗ್ರಹಾಲಯದಲ್ಲಿ ಮೊದಲು ಬಂದವರೇ ಎಂದೆಂದಿಗೂ ಮೊದಲಿಗರು. ತಡವಾಗಿ ಮಾತೆತ್ತುವವರಿಗೆ ಸ್ಥಳ ದೊರೆಯಬೇಕಾದರೆ ಹಲಗೆಗಳು ಸರಿಯಬೇಕು.

ಇನ್ನೊಂದು ಉದಾಹರಣೆಯನ್ನು ಹೇಮಾವತಿಯೇ ಕೊಟ್ಟಿದ್ದಾಳೆ. ಗೊರೂರಿನಲ್ಲಿ ಆ ನದಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ಣವಾದ ಮೇಲೆ ಹಿನ್ನೀರಿನಲ್ಲಿ ಊರುಗಳು ಮುಳುಗಿದುವು. ಶೆಟ್ಟಿಹಳ್ಳಿಯ ಹತ್ತೊಂಬತ್ತನೆಯ ಶತಮಾನದ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ನೀರಿನೊಳಗೆ ಹೋಗಿ ಬೇಸಿಗೆಯಲ್ಲಿ ಮತ್ತೆ ಕಾಣುತ್ತವೆ. ಪ್ರವಾಸಿಗಳು ಚಿತ್ರ ತೆಗೆಯುತ್ತಾರೆ. ಅದರ ಸುತ್ತ ಇದ್ದ ಮನೆಗಳು ಮಾತ್ರ ಕಾಣುವುದಿಲ್ಲ. ಎದ್ದುಹೋದ ಒಕ್ಕಲುಗಳು ತಮ್ಮೊಂದಿಗೆ ಒಯ್ದ ಬೀಸುವ ಕಲ್ಲು, ದೇವರ ಪೆಟ್ಟಿಗೆ, ಹೊಲದ ಹೆಸರುಗಳು ಎಲ್ಲಿಯೋ ಇನ್ನೂ ಇವೆ. ಅವನ್ನು ಕೇಳಿ ಬರೆದುಕೊಳ್ಳಬಲ್ಲ ತಲೆಮಾರು ವಯಸ್ಸಾಗುತ್ತಿದೆ.

ಅನಕೋಸ್ಟಿಯದವರು ಇಲಿಗೆ ಎಡೆ ಕೊಟ್ಟಂತೆ ಇಲ್ಲಿ ಆನೆಗೆ ಎಡೆ ಕೊಡಬೇಕಾದೀತು. ಆಲೂರು ಸಕಲೇಶಪುರಗಳ ತೋಟಗದ್ದೆಗಳಲ್ಲಿ ಆನೆಗೂ ಮನುಷ್ಯನಿಗೂ ನಡೆದಿರುವ ಹೋರಾಟದಲ್ಲಿ ಎರಡು ಕಡೆಯೂ ಜೀವಗಳು ಹೋಗಿವೆ. ೨೦೧೨ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ವರದಿಯನ್ನೊಪ್ಪಿಸಿದ ಆನೆಗಳ ಕಾರ್ಯಪಡೆಯು ಈ ಸೀಮೆಯಿಂದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಸೂಚಿಸಿತು. ಬಳಿಕ ಹಲವನ್ನು ಹಿಡಿದರು. ಆನೆಗಳು ಮತ್ತೆ ಬಂದುವು. ಕಾಡು ಹೇಗೆ ತುಂಡಾಯಿತು, ಆನೆಯ ಹಾದಿ ಎಲ್ಲಿತ್ತು, ಗದ್ದೆ ಕಾಯುವವನ ಅಟ್ಟಣೆ ಎಂಥದು, ಗಂಡನನ್ನು ಕಳೆದುಕೊಂಡ ಹೆಂಗಸಿನ ಮಾತೇನು, ಇವೆಲ್ಲ ಒಂದು ಮಾಡಿನ ಕೆಳಗೆ ಸೇರಿದರೆ ಅದು ಜಗಳದ ಸಭೆಯಾಗದೆ ತಿಳಿವಳಿಕೆಯ ಸಭೆಯಾದೀತು. ಆ ಕಷ್ಟವು ಕಳೆದ ಮೇಲೆ ಆ ಅಂಕಣವು ಬೇರೊಂದಕ್ಕೆ ಬರಿದಾಗಬಹುದು.

ಆಕ್ಷೇಪಗಳಿಲ್ಲದಿಲ್ಲ. ಬದಲಾಗುವ ಸಂಗ್ರಹಾಲಯವು ಎಂದಿಗೂ ಮುಗಿಯದ ಸಂಗ್ರಹಾಲಯವೆಂದು ಕೆಲವರು ಹೇಳಬಹುದು. ಅದು ನಿಜ, ಆದರೆ ಮುಗಿದುಹೋದ ಸಂಗ್ರಹಾಲಯಕ್ಕೆ ಊರವರು ಎರಡನೆಯ ಸಲ ಬರುವುದಿಲ್ಲ. ಮನೆಯ ಪೂಜೆಯಲ್ಲಿಯೋ ಹಬ್ಬದಲ್ಲಿಯೋ ಇನ್ನೂ ಬಳಕೆಯಲ್ಲಿರುವ ವಸ್ತುವನ್ನು ತಂದಿಡುವುದು ಸರಿಯೇ ಎಂದು ಇನ್ನು ಕೆಲವರು ಕೇಳಬಹುದು. ಅಂಥದನ್ನು ತರಬೇಕಾದುದಿಲ್ಲ. ಕೊಂಬು ಕಹಳೆಗಳು ಅವರವರ ಮನೆಯಲ್ಲಿಯೇ ಇರಲಿ. ಸಂಗ್ರಹಾಲಯದಲ್ಲಿ ಅವುಗಳ ವಿವರವೂ ಚಿತ್ರವೂ ಇರಲಿ, ಹಬ್ಬದ ಮಾರನೆಯ ವಾರ ವಸ್ತುವೇ ಅತಿಥಿಯಾಗಿ ಬಂದುಹೋಗಲಿ. ಅತಿಥಿಗೆ ಖಾಲಿಯ ಅಂಕಣವೊಂದನ್ನು ಇಟ್ಟಿರುವುದೇ ಯಜಮಾನನ ಲಕ್ಷಣ. ಎಲ್ಲಕ್ಕಿಂತ ದೊಡ್ಡ ಆಕ್ಷೇಪವೆಂದರೆ ನೋಡಿಕೊಳ್ಳುವವರು ಯಾರು ಎಂಬುದು. ಇದಕ್ಕೆ ನಕ್ಷೆಯಲ್ಲಿ ಪೂರ್ಣವಾದ ಉತ್ತರವಿಲ್ಲ. ಆದರೆ ಊರಿನ ಬಡಗಿಗೂ ಹೆಂಚು ಹೊದಿಸುವವನಿಗೂ ತಿಳಿಯದ ಕಟ್ಟೋಣವನ್ನು ಊರವರು ನೋಡಿಕೊಳ್ಳಲಾರರೆಂಬುದು ಮಾತ್ರ ನಿಶ್ಚಯ.

ಆದುದರಿಂದ ವಾಸ್ತುವಿದ್ಯೆಯ ತರುಣರು ಬಿಸಿಲೆಯಂಥ ಊರಿಗೆ ಬಂದಾಗ ಮಾಡಬೇಕಾದ ಮೊದಲ ಕೆಲಸವು ನಕ್ಷೆಯಲ್ಲ. ಒಂದು ಮಳೆಗಾಲವನ್ನಾದರೂ ಅಲ್ಲಿ ಕಳೆದು, ನಾಲ್ಕು ಹಳೆಯ ಮನೆಗಳ ಅಂಕಣಗಳನ್ನು ಅಳೆದು, ಅಟ್ಟಗಳ ಮೇಲಿರುವುದನ್ನು ಮನೆಯವರ ಒಪ್ಪಿಗೆಯಿಂದ ಪಟ್ಟಿ ಮಾಡಿ, ಲೈನಿನ ಮನೆಗಳಿಗೂ ಹೋಗಿ ಕೇಳಬೇಕು. ಆ ಪಟ್ಟಿಯೇ ಸಂಗ್ರಹಾಲಯದ ಮೊದಲನೆಯ ಅಂಕಣ. ಅದನ್ನು ಕಟ್ಟುವುದಕ್ಕೆ ಕಲ್ಲೂ ಬೇಡ, ಹೆಂಚೂ ಬೇಡ, ಸರ್ಕಾರದ ಮಂಜೂರಾತಿಯೂ ಬೇಡ. ಅದು ಈ ಬೇಸಿಗೆಯಲ್ಲಿಯೇ ಆರಂಭವಾಗಬಹುದು. ಮುಂದಿನ ಮಳೆಗಾಲದ ತನಕ ಕಾಯುವಷ್ಟು ತಾಳ್ಮೆ ಗೆದ್ದಲಿಗಿಲ್ಲ.